ಟ್ಯಾಲಿಯಲ್ಲಿ ರಿವರ್ಸಿಂಗ್ ಜರ್ನಲ್ ಹಾಕಿದರೂ ಲಾಭ-ನಷ್ಟದಲ್ಲಿ ಖರ್ಚು ಯಾಕೆ ಕಾಣುತ್ತಿಲ್ಲ?

ಲೆಕ್ಕ ಬರೆಯುವ ನಿಮ್ಮ ಟ್ಯಾಲಿ ಸಾಫ್ಟ್‌ವೇರ್ ಸರಿಯಾಗೇ ಇದೆ. ಮಾರ್ಚ್ ತಿಂಗಳ ಬೆಸ್ಕಾಂ ಬಿಲ್ಲಿಗೆ ಪ್ರಾವಿಷನ್ (ಬಿಲ್ಲು ಬರುವ ಮೊದಲೇ ಬರೆದಿಡುವ ಅಂದಾಜು ಖರ್ಚು) ಹಾಕಿ, ಆಮೇಲೆ ರಿವರ್ಸ್ ಮಾಡಿ, ಅಂದರೆ ತಿರುಗಿಸಿ ಹಾಕಿ ಅಂತ ಆಡಿಟರ್ ಹೇಳಿದರು. ನೀವು ಟ್ಯಾಲಿಪ್ರೈಮ್‌ನ ‘ರಿವರ್ಸಿಂಗ್ ಜರ್ನಲ್’ ವೋಚರ್‌ನಲ್ಲಿ ಹಾಕಿದಿರಿ. ಆ ವೋಚರ್ ಇರುವುದೇ ಬೇರೆ ಕೆಲಸಕ್ಕೆ. ಅದು ಅಸಲಿ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಖರ್ಚು ಎಲ್ಲೂ ಕಾಣುತ್ತಿಲ್ಲ.

ನಾನು ತುಮಕೂರಿನವನು. ಅಂತರಸನಹಳ್ಳಿ ಕಡೆಯ ಸಣ್ಣ ಫ್ಯಾಕ್ಟರಿಗಳ, ರೈಸ್ ಮಿಲ್ಲುಗಳ ಲೆಕ್ಕ ನೋಡುತ್ತೇನೆ. ಇಂಥದ್ದಕ್ಕೆ ನಾನು ಬಳಸುವುದು ಮಾಮೂಲಿ ಜರ್ನಲ್, ಅಂದರೆ ಎಫ್7. ಎರಡು ಎಂಟ್ರಿ ಹಾಕಬೇಕು, ಅಷ್ಟೇ.

ಮಾರ್ಚ್ ಬಿಲ್ಲು ಅಂದಾಜು 48,000 ರೂಪಾಯಿ ಅಂದುಕೊಳ್ಳಿ. ಮಾರ್ಚ್ 31ರ ತಾರೀಖಿನಲ್ಲಿ ಕರೆಂಟ್ ಖರ್ಚಿಗೆ ಡೆಬಿಟ್, ‘ಕೊಡಬೇಕಾದ ಕರೆಂಟ್ ಬಿಲ್’ ಲೆಡ್ಜರ್‌ಗೆ (ಖಾತೆಗೆ) ಕ್ರೆಡಿಟ್. ಈ ಲೆಡ್ಜರನ್ನು ಪ್ರಾವಿಷನ್ಸ್ ಗುಂಪಿನಲ್ಲಿ ಮಾಡಿ. ಏಪ್ರಿಲ್ 1ಕ್ಕೆ ಅದೇ ಮೊತ್ತವನ್ನು ತಿರುಗಿಸಿ ಹಾಕಿ. ಡೇ ಬುಕ್‌ನಲ್ಲಿ (ದಿನದ ಎಂಟ್ರಿಗಳ ಪಟ್ಟಿಯಲ್ಲಿ) ಮೊದಲ ಎಂಟ್ರಿಯ ಮೇಲೆ ನಿಂತು ಆಲ್ಟ್ 2 ಒತ್ತಿದರೆ ಅದರ ನಕಲು ಬರುತ್ತದೆ. ತಾರೀಖು ಬದಲಿಸಿ, ಡೆಬಿಟ್-ಕ್ರೆಡಿಟ್ ಅದಲು ಬದಲು ಮಾಡಿ. ನರೇಷನ್‌ನಲ್ಲಿ (ವಿವರ ಬರೆಯುವ ಜಾಗದಲ್ಲಿ) ಮಾರ್ಚ್ ಎಂಟ್ರಿಯ ನಂಬರ್ ಬರೆಯಿರಿ, ಆಡಿಟರ್ ಹುಡುಕಬೇಕಾಗುವುದಿಲ್ಲ.

ಏಪ್ರಿಲ್‌ನಲ್ಲಿ 49,350ರ ಬಿಲ್ಲು ಬಂತು. ಅದನ್ನು ಎಂದಿನಂತೆ ಪೂರ್ತಿ ಖರ್ಚಿಗೆ ಹಾಕಿ. ಖರ್ಚಿನ ಲೆಡ್ಜರ್‌ನಲ್ಲಿ ಆಗಲೇ 48,000 ಕ್ರೆಡಿಟ್ ಕೂತಿರುತ್ತದೆ, ಹಾಗಾಗಿ ಹೊಸ ವರ್ಷಕ್ಕೆ ಬೀಳುವುದು ಬರೀ 1,350. ಬಿಲ್ಲು ಎಂಟ್ರಿ ಮಾಡುವ ಹುಡುಗನಿಗೆ ಪ್ರಾವಿಷನ್ ವಿಷಯ ಗೊತ್ತೇ ಇಲ್ಲದಿದ್ದರೂ ಲೆಕ್ಕ ಸರಿಯಾಗೇ ಬರುತ್ತದೆ. ರಿವರ್ಸ್ ಮಾಡುವುದರ ನಿಜವಾದ ಉಪಯೋಗ ಇದು. ಅದನ್ನು ಮರೆತರೆ ಒಂದೇ ಖರ್ಚು ಎರಡು ವರ್ಷದಲ್ಲೂ ಬರುತ್ತದೆ.

ಕೆಲವು ಕಡೆ ಪ್ರತಿ ವರ್ಷ ಟ್ಯಾಲಿಯಲ್ಲಿ ಹೊಸ ಕಂಪನಿ ತೆರೆಯುತ್ತಾರೆ. ನಿಮ್ಮಲ್ಲೂ ಹಾಗಿದ್ದರೆ ಎರಡನೇ ಎಂಟ್ರಿ ಹೊಸ ಕಂಪನಿಯಲ್ಲಿ ಹೋಗಬೇಕು. ಪ್ರಾವಿಷನ್ ಲೆಡ್ಜರ್‌ನ ಓಪನಿಂಗ್ ಬ್ಯಾಲೆನ್ಸ್ ಅಲ್ಲಿ ಬಂದಿದೆಯಾ ಅಂತ ಮೊದಲು ನೋಡಿಕೊಳ್ಳಿ.

ಕೊಡಬೇಕಾದ ಹಮಾಲಿ ಕೂಲಿ, ಬಡ್ಡಿ, ಲಾರಿ ಬಾಡಿಗೆಗೂ ಇದೇ ರೀತಿ ನಡೆಯುತ್ತದೆ. ಡಿಪ್ರಿಸಿಯೇಷನ್ (ಯಂತ್ರ, ಕಟ್ಟಡಗಳ ಸವಕಳಿ) ಎಂಟ್ರಿಯನ್ನು ಮಾತ್ರ ರಿವರ್ಸ್ ಮಾಡಬೇಡಿ. ಜಿಎಸ್‌ಟಿ ಇರುವ ಬಿಲ್ಲಾದರೆ ಪ್ರಾವಿಷನ್‌ನಲ್ಲಿ ಜಿಎಸ್‌ಟಿ ಲೆಡ್ಜರ್ ಮುಟ್ಟಲೇಬೇಡಿ. ಇನ್‌ವಾಯ್ಸ್ ಕೈಗೆ ಬರದೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯ ವಜಾ) ಸಿಗುವುದಿಲ್ಲ. ಆಡಿಟ್ ಫೀಜಿನಂಥ ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಇರುವ ಖರ್ಚಿನಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಿ. ದುಡ್ಡು ಕೊಟ್ಟಾಗ ಅಥವಾ ಲೆಕ್ಕದಲ್ಲಿ ಕ್ರೆಡಿಟ್ ಮಾಡಿದಾಗ, ಯಾವುದು ಮೊದಲೋ ಆಗಲೇ ಟಿಡಿಎಸ್ ಕಡಿಯಬೇಕು. ಮಾರ್ಚ್‌ನಲ್ಲಿ ಕಡಿದದ್ದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು. ಎಂಟ್ರಿ ಹಾಕುವ ಮೊದಲೇ ಆಡಿಟರ್ ಹತ್ತಿರ ಇದನ್ನು ಮಾತಾಡಿ.

ಏಪ್ರಿಲ್ ಬಂತು ಅಂತ ಮಾರ್ಚ್ ಎಂಟ್ರಿಯನ್ನೇ ಅಳಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮುಗಿದ ವರ್ಷದ ಲೆಕ್ಕವೇ ಬದಲಾಗುತ್ತದೆ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ ಇರುವ ಸಾಫ್ಟ್‌ವೇರನ್ನೇ ಬಳಸಬೇಕೆಂಬ ನಿಯಮವೂ ಇದೆ. ಅಳಿಸಿದ್ದು, ತಿದ್ದಿದ್ದು ಎಲ್ಲ ಅದರಲ್ಲಿ ಉಳಿಯುತ್ತದೆ.

ಹಾಗಾದರೆ ಟ್ಯಾಲಿಯ ಆ ರಿವರ್ಸಿಂಗ್ ಜರ್ನಲ್ ವೋಚರ್ ಯಾಕಿದೆ ಅಂದರೆ, ವರ್ಷದ ಮಧ್ಯೆ ಲೆಕ್ಕ ತೋರಿಸಲು. ಬ್ಯಾಂಕಿನವರು ಸೆಪ್ಟೆಂಬರ್‌ವರೆಗಿನ ಬ್ಯಾಲೆನ್ಸ್ ಶೀಟ್ ಕೇಳಿದರು ಅನ್ನಿ. ಅರ್ಧ ವರ್ಷದ ಡಿಪ್ರಿಸಿಯೇಷನ್ನನ್ನು ರಿವರ್ಸಿಂಗ್ ಜರ್ನಲ್‌ನಲ್ಲಿ ಹಾಕಿ, ‘ಅಪ್ಲಿಕಬಲ್ ಅಪ್‌ಟು’ ಜಾಗದಲ್ಲಿ ಸೆಪ್ಟೆಂಬರ್ 30 ಕೊಡಿ. ಆ ವೋಚರ್ ಸೇರುವಂತೆ ಒಂದು ಸಿನಾರಿಯೋ (ಇಂಥ ತಾತ್ಕಾಲಿಕ ಎಂಟ್ರಿಗಳನ್ನೂ ಸೇರಿಸಿ ರಿಪೋರ್ಟ್ ತೋರಿಸುವ ವ್ಯವಸ್ಥೆ) ಮಾಡಿ. ಆಮೇಲೆ ಬ್ಯಾಲೆನ್ಸ್ ಶೀಟ್ ತೆರೆದು, ಕಂಟ್ರೋಲ್ ಬಿ ಒತ್ತಿ ಆ ಸಿನಾರಿಯೋ ಆರಿಸಿದರೆ ಅದು ಕಾಣುತ್ತದೆ. ಸೆಪ್ಟೆಂಬರ್ ದಾಟಿದ ರಿಪೋರ್ಟ್‌ನಲ್ಲಿ ತಾನಾಗೇ ಬಿಟ್ಟುಹೋಗುತ್ತದೆ.