ಓದುಗರ ಪ್ರಶ್ನೆ: ಅನ್ನ, ಮುದ್ದೆ ಪೂರ್ತಿ ಬಿಡಬೇಕೆ?

ಪ್ರಶ್ನೆ: ನನಗೆ 43 ವರ್ಷ, ಕುಳಿತು ಮಾಡುವ ಕೆಲಸ. ತೂಕ ಇಳಿಸಲೆಂದು ಒಂದು ತಿಂಗಳಿನಿಂದ ಅನ್ನ, ಮುದ್ದೆ, ಚಪಾತಿ ಎಲ್ಲವನ್ನೂ ಬಿಟ್ಟು ಮೊಟ್ಟೆ, ಪನೀರ್, ಕೋಳಿಮಾಂಸವನ್ನಷ್ಟೇ ತಿನ್ನುತ್ತಿದ್ದೇನೆ. ಮೊದಲ ವಾರ ಬೇಗ ಇಳಿದ ತೂಕ ಈಗ ನಿಂತಿದೆ. ಮಲಬದ್ಧತೆ, ತಲೆನೋವು, ಸುಸ್ತು ಕಾಡುತ್ತಿವೆ. ಕಾರ್ಬೋಹೈಡ್ರೇಟ್ ದೇಹಕ್ಕೆ ನಿಜವಾಗಿಯೂ ಬೇಕೆ?
— ಓದುಗರು, ತುಮಕೂರು

ಉತ್ತರ: ಬೇಕು. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಅದು ಆಹಾರದಿಂದ ಸಿಗದಿದ್ದಾಗ ಯಕೃತ್ತು ಕೊಬ್ಬಿನಿಂದ ಬದಲಿ ಇಂಧನವಾದ ಕೀಟೋನ್‌ಗಳನ್ನು ತಯಾರಿಸಿ ನಿಭಾಯಿಸುತ್ತದೆಯಾದರೂ ಅದು ಎಲ್ಲರಿಗೂ ಒಗ್ಗುವ ಏರ್ಪಾಡಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ರೂಪದಲ್ಲಿ ಸಂಗ್ರಹವಾಗಿರುವ ಪಿಷ್ಟ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಆ ಸಂಗ್ರಹ ಖಾಲಿಯಾದಾಗ ನೀರೂ ಹೊರಹೋಗುತ್ತದೆ. ಮೊದಲ ವಾರ ನಿಮ್ಮ ತೂಕ ಇಳಿದದ್ದು ಬಹುಪಾಲು ಹೀಗೆಯೇ. ನೀರಿನ ಜೊತೆ ಉಪ್ಪಿನಂಶವೂ ಹೋಗುವುದರಿಂದ ತಲೆನೋವು, ಸುಸ್ತು ಬರುವುದುಂಟು. ಮೊಟ್ಟೆ, ಪನೀರ್, ಮಾಂಸ ಯಾವುದರಲ್ಲಿಯೂ ನಾರಿನಂಶವಿಲ್ಲ, ಹೀಗಿರುವಾಗ ಮಲಬದ್ಧತೆ ಬಾರದಿದ್ದರೇ ಆಶ್ಚರ್ಯ.

ಆದರೆ ಅನ್ನ, ಮುದ್ದೆಯ ಬಗ್ಗೆ ನಿಮಗಿರುವ ಆತಂಕ ಆಧಾರವಿಲ್ಲದ್ದಲ್ಲ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಚಿತ್ರಾನ್ನ, ಮಧ್ಯಾಹ್ನ ಸಾರನ್ನದ ಮೇಲೆ ಮಜ್ಜಿಗೆ ಅನ್ನ, ರಾತ್ರಿ ಮತ್ತೆ ಮುದ್ದೆ, ಅನ್ನ: ನಮ್ಮ ಎಷ್ಟೋ ಮನೆಗಳಲ್ಲಿ ಮೂರು ಹೊತ್ತೂ ಧಾನ್ಯವೇ ತಟ್ಟೆ ತುಂಬಿರುತ್ತದೆ, ಪಲ್ಯ ಮಾತ್ರ ಉಪ್ಪಿನಕಾಯಿಯಷ್ಟೇ ಇರುತ್ತದೆ. ಸರಿಪಡಿಸಬೇಕಾದದ್ದು ಈ ಪ್ರಮಾಣವನ್ನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ 45ನ್ನು ಮೀರಬಾರದು. 2000 ಕಿಲೊಕ್ಯಾಲೊರಿಯ ಆಹಾರಕ್ಕೆ ಅದು ಸೂಚಿಸುವುದು 250 ಗ್ರಾಂ ಧಾನ್ಯ ಮತ್ತು 400 ಗ್ರಾಂ ತರಕಾರಿ, ಸೊಪ್ಪು.

ಯಾವ ಕಾರ್ಬೋಹೈಡ್ರೇಟ್ ಎಂಬುದೂ ಅಷ್ಟೇ ಮುಖ್ಯ. 80 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 53 ಗ್ರಾಂ ಕಾರ್ಬೋಹೈಡ್ರೇಟ್, 9 ಗ್ರಾಂ ನಾರಿನಂಶ ಇರುತ್ತವೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಇವು ಸುಮಾರು 62 ಮತ್ತು 2 ಗ್ರಾಂ. ಆದರೆ ಅದೇ ರಾಗಿಯನ್ನು ನುಣ್ಣಗೆ ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ತೆಳ್ಳಗೆ ಗಂಜಿ ಕಾಯಿಸಿದರೆ ನಾರು ಬಟ್ಟೆಯ ಮೇಲೆಯೇ ಉಳಿಯುತ್ತದೆ, ಗ್ಲೂಕೋಸ್ ಬೇಗನೆ ರಕ್ತಕ್ಕೆ ಸೇರುತ್ತದೆ. ರಾಗಿ ಎಂದಾಕ್ಷಣ ಎಷ್ಟು ಬೇಕಾದರೂ ತಿನ್ನಬಹುದೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ಮಧ್ಯಾಹ್ನ ಒಂದು ಮುದ್ದೆಯನ್ನು ಹುರುಳಿಕಾಳಿನ ಬಸ್ಸಾರು, ಅದರದೇ ಸೊಪ್ಪು–ಕಾಳಿನ ಪಲ್ಯ, ಒಂದು ಬಟ್ಟಲು ಕೋಸಂಬರಿಯೊಡನೆ ಉಣ್ಣಿರಿ. ಅದರ ಮೇಲೆ ಮತ್ತೆ ಅನ್ನ ಬೇಡ. ಕಾಳಿನ ಪ್ರೋಟೀನ್, ಸೊಪ್ಪಿನ ನಾರು ಜೊತೆಗಿದ್ದಾಗ ಅದೇ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ, ಹಸಿವೂ ಬೇಗ ಮರಳುವುದಿಲ್ಲ. ಮೊಟ್ಟೆ, ಮಾಂಸವನ್ನು ಬಿಡಬೇಕಿಲ್ಲ. ತಿಂಗಳಿಡೀ ಬಿಟ್ಟಿದ್ದ ನಾರನ್ನು ಒಂದೇ ದಿನ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಬಹುದು, ಆದ್ದರಿಂದ ವಾರ ಎರಡು ವಾರಗಳಲ್ಲಿ ಕ್ರಮೇಣ ಹೆಚ್ಚಿಸಿ, ನೀರನ್ನು ಚೆನ್ನಾಗಿ ಕುಡಿಯಿರಿ. ಆಮೇಲೂ ತಲೆನೋವು, ಸುಸ್ತು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನನ್ನ ತಂದೆಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಸಕ್ಕರೆಯ ಬದಲು ಬೆಲ್ಲ ಕೊಡಬಹುದೆ? ಅನ್ನ ನಿಲ್ಲಿಸಬಹುದೆ?
— ಓದುಗರು, ಶಿರಸಿ

ಉತ್ತರ: ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿದ್ದರೂ ಅದರ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಮಾಡುವ ಕೆಲಸವೂ ಅದೇ. ಜೇನುತುಪ್ಪಕ್ಕೂ ಈ ಮಾತು ಅನ್ವಯಿಸುತ್ತದೆ. ಅನ್ನವನ್ನು ಮಾತ್ರ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರು ದಿಢೀರನೆ ಕಾರ್ಬೋಹೈಡ್ರೇಟ್ ಬಿಟ್ಟರೆ ಸಕ್ಕರೆಯ ಮಟ್ಟ ಅಪಾಯಕಾರಿಯಾಗಿ ಕುಸಿದು, ಬೆವರು, ನಡುಕ, ಗೊಂದಲ ಕಾಣಿಸಿಕೊಳ್ಳಬಹುದು. ಈಗ ಅವರು ಯಾವ ಹೊತ್ತಿಗೆ ಎಷ್ಟು ಉಣ್ಣುತ್ತಾರೆಂಬುದನ್ನು ಬರೆದುಕೊಂಡು, ಮಾತ್ರೆಗಳ ಚೀಟಿಯೊಂದಿಗೆ ವೈದ್ಯರನ್ನು ಕಾಣಿರಿ. ಅನ್ನ ಕಡಿಮೆಯಾದಂತೆ ಔಷಧಿಯ ಪ್ರಮಾಣವನ್ನೂ ಅವರು ಬದಲಿಸಬೇಕಾಗಬಹುದು.