ಕಬ್ಬಿಣ ದಾಟಿ ಚಿನ್ನ ಹುಟ್ಟುವುದು ಹೇಗೆ?

ಚಿಂಚವಡದ ಸರ್, "ಕಬ್ಬಿಣದ ಹೊತ್ತಿಗೆ ನಕ್ಷತ್ರದ ಒಲೆ ಆರುತ್ತದೆ ಅಂದ್ರೆ ಚಿನ್ನ ಎಲ್ಲಿಂದ ಬಂತು?" ಅಂತ ಕೇಳಿದ್ದೀರಿ. ಬಹಳ ಒಳ್ಳೆ ಪ್ರಶ್ನೆ.

ಪರಮಾಣುವಿನ ಬೀಜದಲ್ಲಿ (ನ್ಯೂಕ್ಲಿಯಸ್) ಪ್ರೋಟಾನು, ನ್ಯೂಟ್ರಾನುಗಳು ಎಷ್ಟು ಬಿಗಿಯಾಗಿ ಅಂಟಿಕೊಂಡಿವೆ ಎಂಬುದರ ಅಳತೆ ಬಂಧನಶಕ್ತಿ. ಹೀಲಿಯಂ-4ರಲ್ಲಿ (4 ಎಂದರೆ ಆ ಕಣಗಳ ಒಟ್ಟು ಸಂಖ್ಯೆ) ಅದು ಪ್ರತಿ ಕಣಕ್ಕೆ ಸುಮಾರು 7.1 ಎಂಇವಿ (ಶಕ್ತಿಯ ಒಂದು ಅಳತೆಮಾನ), ಕಬ್ಬಿಣ-56ರಲ್ಲಿ 8.8. ಬೀಜಗಳು ಬೆಸೆದು ಬಂಧನ ಬಿಗಿಯಾದರೆ ಶಕ್ತಿ ಹೊರಬರುತ್ತದೆ; ಕಬ್ಬಿಣದಾಚೆ ಬೆಸೆದರೆ ಬರುವುದಿಲ್ಲ, ನಾವೇ ತೆರಬೇಕು. ಜೊತೆಗೆ 26 ಪ್ರೋಟಾನುಗಳ ವಿಕರ್ಷಣೆ ಬೇರೆ.

ಆದರೆ ನ್ಯೂಟ್ರಾನಿಗೆ ವಿದ್ಯುದಂಶವೇ ಇಲ್ಲ, ಯಾವ ಪರಮಾಣು ಬೀಜದೊಳಗೂ ಸಲೀಸಾಗಿ ನುಗ್ಗುತ್ತದೆ. ಕಬ್ಬಿಣ-56 ಒಂದೊಂದೇ ನ್ಯೂಟ್ರಾನ್ ನುಂಗಿ 57, 58, 59 ಆಗುತ್ತದೆ. 59 ಅಸ್ಥಿರ, ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 44 ದಿನ. ಮುಂದಿನ ನ್ಯೂಟ್ರಾನ್ ಬರುವುದು ತಡವಾದರೆ ಅದು ಬೀಟಾ ಕ್ಷಯದಿಂದ (ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುವುದು) ಕೋಬಾಲ್ಟ್-59 ಆಗುತ್ತದೆ. ಕೆಂಪು ದೈತ್ಯ ನಕ್ಷತ್ರಗಳಲ್ಲಿ ಹೀಗೇ ನಿಧಾನಕ್ಕೆ ಬೇರಿಯಂ, ಸೀಸದವರೆಗೂ ಸಾಗುತ್ತದೆ.

ಚಿನ್ನದ ಬಹುಪಾಲಿಗೆ ಈ ದಾರಿ ಸಾಲದು. ಕ್ಷಯಿಸಲು ಪುರುಸೊತ್ತೇ ಕೊಡದೆ, ಸೆಕೆಂಡಿನ ಆಸುಪಾಸಿನಲ್ಲಿ ಹತ್ತಾರು ನ್ಯೂಟ್ರಾನ್ ತುರುಕಬೇಕು. ಆಮೇಲೆ ಸಾಲುಸಾಲು ಬೀಟಾ ಕ್ಷಯ. ಕೊನೆಗೆ ಪ್ಲಾಟಿನಂ-197 ಚಿನ್ನ-197 ಆಗುತ್ತದೆ. ಎರಡು ನ್ಯೂಟ್ರಾನ್ ನಕ್ಷತ್ರ (ಬಹುಪಾಲು ನ್ಯೂಟ್ರಾನುಗಳೇ ತುಂಬಿದ, ಸತ್ತ ನಕ್ಷತ್ರದ ತಿರುಳು) ಡಿಕ್ಕಿಯಾದಾಗ ಇದು ಸಾಧ್ಯ. 2017ರ ಆಗಸ್ಟ್ 17ರಂದು ಗುರುತ್ವ ತರಂಗಗಳಲ್ಲಿ (ದೇಶ-ಕಾಲದಲ್ಲಿ ಏಳುವ ಅಲೆಗಳು) ಸಿಕ್ಕ ಡಿಕ್ಕಿ ಅಂಥದ್ದೇ, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ್ದು. ಅದರ ರೇಡಿಯೋ ಹೊಳಪನ್ನು ನಿಮ್ಮ ನಾರಾಯಣಗಾಂವ್ ಹತ್ತಿರದ ರೇಡಿಯೋ ದೂರದರ್ಶಕ ಜಿಎಂಆರ್‌ಟಿ ಕೂಡ ಹಿಡಿದಿದೆ.