ಕಡಲೆಯ ಹುಳಿಗೂ ಜಗ್ಗದ ಹುಳು

ಪ್ರಶ್ನೆ: ಬೆಳಿಗ್ಗೆ ಕಡಲೆ ಹೊಲದಲ್ಲಿ ಓಡಾಡಿದರೆ ಪಂಚೆ ತೊಯ್ದು ಕಾಲು ಚುರುಗುಟ್ಟುತ್ತದೆ. ಹುಳುವನ್ನು ದೂರವಿಡಲೆಂದೇ ಗಿಡ ಈ ಹುಳಿಯನ್ನು ಸುರಿಸುತ್ತದೆಯಂತೆ. ಹಾಗಿದ್ದರೆ ಕಾಯಿಕೊರಕ ಬರುವುದೇಕೆ?
– ಓದುಗರು, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ಯಲಬುರ್ಗಾದ ನಮ್ಮ ಎರೆ ಹೊಲ ಕಣ್ಣಮುಂದೆ ಬಂತು. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಅವ್ವ ಸಂಜೆ ಹೊತ್ತು ಕಡಲೆ ಗಿಡಗಳ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ ಬರುತ್ತಿದ್ದಳು. ನಸುಕಿನಲ್ಲಿ ಇಬ್ಬನಿಗೆ ನೆನೆದ ಆ ಬಟ್ಟೆಯನ್ನು ಹಿಂಡಿ, ಹುಳಿಯನ್ನು ಸೀಸೆಗೆ ತುಂಬುತ್ತಿದ್ದಳು. ಹೊಟ್ಟೆನೋವಿಗೆ ಮನೆಯಲ್ಲಿ ಅದೇ ಮದ್ದು.

ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ನವಿರಾದ ರೋಮಗಳ ತುದಿಯಲ್ಲಿ ಸೂಜಿಮೊನೆಯಷ್ಟು ಹನಿಗಳಿರುತ್ತವೆ. ಅದರಲ್ಲಿರುವುದು ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಆಕ್ಸಾಲಿಕ್ ಆಮ್ಲ ಹೊಟ್ಟೆ ಸೇರಿದರೆ ಮರಿಹುಳು ಸೊರಗುತ್ತದೆ ಎಂಬುದನ್ನು ವಿಜ್ಞಾನಿಗಳು 1990ರ ದಶಕದಲ್ಲಿ ಕಂಡುಕೊಂಡರು. ಜೋರು ಮಳೆ ಬಂದರೆ ಈ ಹುಳಿ ತೊಳೆದುಹೋಗುತ್ತದೆ.

ಈ ಹುಳಿಯ ಬೇಲಿ ದಾಟಿದ ಹುಳು ಎಲೆಗೆ ಬಾಯಿ ಹಾಕಿತು ಎನ್ನೋಣ. ಗಾಯ ಮತ್ತು ಹುಳುವಿನ ಜೊಲ್ಲು, ಎರಡೂ ಗಿಡಕ್ಕೆ ಸುಳಿವು ಕೊಡುತ್ತವೆ. ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನಾಮ್ಲದಿಂದ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನು ಸಿದ್ಧವಾಗುತ್ತದೆ. ರಕ್ಷಣೆಯ ಜೀನ್‌ಗಳನ್ನು ಅದುಮಿ ಹಿಡಿದಿರುವ ಪ್ರೋಟೀನುಗಳು ಅದರ ಸೂಚನೆ ಬಂದೊಡನೆ ನಾಶವಾಗುತ್ತವೆ. ಆಗ ಆ ಜೀನ್‌ಗಳು ಎದ್ದು, ಟ್ರಿಪ್ಸಿನ್ ತಡೆಯುವ ಪ್ರೋಟೀನುಗಳನ್ನು ತಯಾರಿಸುತ್ತವೆ. ಹುಳುವಿನ ಕರುಳಿನಲ್ಲಿ ಪ್ರೋಟೀನನ್ನು ಅರಗಿಸುವ ಕಿಣ್ವವೇ ಟ್ರಿಪ್ಸಿನ್. ಅದಕ್ಕೆ ಬೀಗ ಬಿದ್ದರೆ ಹುಳು ಎಷ್ಟು ಮೇಯ್ದರೂ ಮೈಗೆ ಹತ್ತುವುದಿಲ್ಲ. ಕಚ್ಚಿದ ಎಲೆಯಷ್ಟೇ ಅಲ್ಲ, ಕಚ್ಚದ ಎಲೆಯೂ ಹೀಗೆ ಸಜ್ಜಾಗುವುದನ್ನು 1972ರಲ್ಲಿ ಅಮೆರಿಕದ ಗ್ರೀನ್ ಮತ್ತು ರಯಾನ್ ಟೊಮೆಟೊ, ಆಲೂಗಡ್ಡೆ ಗಿಡಗಳಲ್ಲಿ ತೋರಿಸಿದರು. ರಾಯಚೂರಿನಲ್ಲಿ ಪಾಠ ಹೇಳಿದಷ್ಟು ವರ್ಷವೂ ಈ ಪ್ರಯೋಗ ವಿವರಿಸುವಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಕಡಲೆಕಾಳಿನಲ್ಲಿಯೂ ಇಂಥ ಪ್ರೋಟೀನುಗಳಿವೆ. ಬೇಯಿಸಿದಾಗ ಬಹುಪಾಲು ಕೆಡುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾಯಿಕೊರಕ ಮಹಾ ಹಟಮಾರಿ. ಒಂದು ಬಗೆಯ ಟ್ರಿಪ್ಸಿನ್‌ಗೆ ಬೀಗ ಬಿದ್ದರೆ ಆ ಬೀಗಕ್ಕೆ ಸಿಗದ ಇನ್ನೊಂದು ಬಗೆಯನ್ನು ಅದು ತಯಾರಿಸಿಕೊಳ್ಳುತ್ತದೆ. ಹತ್ತಿ, ತೊಗರಿ, ಟೊಮೆಟೊ, ಎಲ್ಲವನ್ನೂ ತಿಂದು ಪಳಗಿದ ಹುಳು ಅದು. ಹುಳಿಯ ಪೆಟ್ಟು ಹೆಚ್ಚಾಗಿ ತಗಲುವುದು ಎಳೆಯ ಮರಿಗಳಿಗೆ. ಬಲಿತ ಹುಳು ಕಾಯಿಗೆ ತೂತು ಕೊರೆದು, ತಲೆ ತೂರಿಸಿ ಕಾಳು ತಿನ್ನುತ್ತದೆ. ಸಿಂಪಡಣೆಯಿಂದಲೂ ಬಲಿತ ಹುಳು ಸುಲಭಕ್ಕೆ ಸಾಯುವುದಿಲ್ಲ. ಆದ್ದರಿಂದ ಕಾಯಿ ಕಟ್ಟುವವರೆಗೆ ಕಾಯಬೇಡಿ. ಮರಿಗಳು ಹಸಿರನ್ನು ಕೆರೆದು ತಿಂದ ಎಲೆಗಳಲ್ಲಿ ಬಿಳಿ ಮಚ್ಚೆಗಳು ಕಾಣುತ್ತವೆ. ಕುಡಿ ಚಿವುಟಲು ಹೋದಾಗಲೇ ಅವನ್ನು ಹುಡುಕಿ.